ಅಕ್ಕನ ದೆವ್ವದ ಆಟ

ಗೋವಿನಕೋವಿಯಲ್ಲಿ ತೀರಿಕೊಂಡ ಅಕ್ಕನ ಶಿವಗಣಾರಾಧನೆ ಮುಗಿದ ಮೇಲೆ ಹಿರಿಯರು ಒಬ್ಬೊಬ್ಬರಾಗಿ ಎದ್ದು ಅವರ ಗುಣಗಾನ ಮಾಡಿದರು. ಒಬ್ಬರು ಪೂಜೆಯ ನಿಷ್ಠೆಯನ್ನು ಹೇಳಿದರು. ಇನ್ನೊಬ್ಬರು, ಅಕ್ಕನ ಮನೆಯಿಂದ ಹಸಿದು ಹೋದವರೇ ಇಲ್ಲ ಎಂದರು. ಅವರ ನಂತರ ಎದ್ದವರು ಕೊಂಚ ಕಾವೇರಿ, "ಲೌಕಿಕದ ಒಂದೇ ಒಂದು ಆಸೆಯೂ ಇಲ್ಲದ ಜೀವ ಅದು" ಎಂದುಬಿಟ್ಟರು. ನಾನು ಅಕ್ಕನ ತಮ್ಮ ಡ್ರಿಲ್ ಮೇಷ್ಟ್ರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನಗು ಉಕ್ಕಿ ಬಂತು. ಇಂಥ ಹೊತ್ತಿನಲ್ಲಿ ನಕ್ಕರೆ ಜನ ಏನೆಂದುಕೊಂಡಾರು ಎಂದು ಇಬ್ಬರೂ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಬಂದೆವು.

ಆಸೆ ಇಲ್ಲದ ಜೀವವಂತೆ! ಹೊಗಳುವುದಕ್ಕೂ ಒಂದು ಮಿತಿ ಬೇಡವೇ? ಅಕ್ಕನಿಗೆ ಒಂದು ಆಸೆ ಇತ್ತು, ಅದು ಸಣ್ಣದೂ ಅಲ್ಲ, ಅದಕ್ಕಾಗಿ ನಮ್ಮಿಬ್ಬರನ್ನೂ ದಾವಣಗೆರೆಯವರೆಗೆ ಎಳೆದುಕೊಂಡು ಹೋಗಿದ್ದರು. ಅಕ್ಕ ಒಂದು ದೆವ್ವದ ವಿಡಿಯೋ ಗೇಮಿನ ಅಭಿಮಾನಿ. ಸುಮ್ಮನೆ ಇಷ್ಟಪಡುವವರಲ್ಲ, ಪಕ್ಕಾ ಅಭಿಮಾನಿ. ಆ ಸಭೆಯಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲವೆಂದು ಬೇಸರವಾಗಿ ನಾನು ಬರೆಯಲು ಕೂತಿದ್ದೇನೆ.

ಅಕ್ಕ ನನಗೆ ರಕ್ತಸಂಬಂಧದ ಅಕ್ಕ ಅಲ್ಲ. ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ ಜೊತೆಗಿದ್ದ ಡ್ರಿಲ್ ಮೇಷ್ಟ್ರ ಸ್ವಂತ ಅಕ್ಕ ಅವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನಿಗೆ ಮೊದಲು ಜಗಳೂರಿಗೆ ಪೋಸ್ಟಿಂಗ್ ಆದಾಗ, "ಇವನಿಗೆ ಅನ್ನ ಮಾಡ್ಕೊಳ್ಳಾಕೆ ಬರಲ್ಲ" ಎಂದು ಜೊತೆಗೆ ಹೋದವರು, ತಮ್ಮನಿಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಜೊತೆಯಲ್ಲೇ ಉಳಿದರು. ಜಗಳೂರಿನಿಂದ ಚನ್ನಗಿರಿ, ಚನ್ನಗಿರಿಯಿಂದ ನ್ಯಾಮತಿ, ತಮ್ಮನ ವರ್ಗಾವಣೆ ಆದಲ್ಲೆಲ್ಲ ಅಕ್ಕನ ಒಲೆಯೂ ಹೋಯಿತು. ನ್ಯಾಮತಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ನಾನು ಬೆಳಿಗ್ಗೆ ಕೆಮ್ಮಿದರೆ ಆ ಕಡೆಯಿಂದ "ಮೇಷ್ಟ್ರೇ, ಕಷಾಯ ಮಾಡೀನಿ, ಲೋಟ ತಗಂಡು ಬರ್ರಿ" ಎಂಬ ಕೂಗು ಬರುತ್ತಿತ್ತು. ಕಷಾಯ ಬೇಡ ಎನ್ನುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಕುಳ್ಳು ಮೈ, ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಇಳಕಲ್ಲು ಸೀರೆಯ ಸೆರಗು. ಮಾತಿಗೆ ನಿಂತರೆ ಎದುರಿನವರು ಸೋಲಲೇಬೇಕು. ಅವರ ನಂಬಿಕೆಗಳ ಬಗ್ಗೆ ವಾದ ಮಾಡುವುದು ದಂಡ ಎಂದು ನನಗೆ ಮನವರಿಕೆಯಾದದ್ದು ಸೂಳೆಕೆರೆಯಲ್ಲಿ. ಒಂದು ಭಾನುವಾರ ಎರಡೂ ಮನೆಯವರು ಕೆರೆ ನೋಡಲು ಹೋಗಿದ್ದೆವು. ವಾಪಸ್ ಬರುವ ಹೊತ್ತಿಗೆ ಅಕ್ಕ ಏರಿಯ ಮೇಲೆ ಬಲು ಮುಂದೆ ಹೋಗಿಬಿಟ್ಟಿದ್ದರು. ಬಸ್ಸು ಹೊರಟು ನಿಂತಿತ್ತು. ಡ್ರಿಲ್ ಮೇಷ್ಟ್ರು, ಇಡೀ ಮೈದಾನಕ್ಕೆ ಕೇಳುವ ಆ ಗಂಟಲಲ್ಲಿ, "ಅಕ್ಕಾ!" ಎಂದು ಕೂಗಿದರು. ಅಕ್ಕ ತಿರುಗಲಿಲ್ಲ. ಮತ್ತೆ ಕೂಗಿದರು. ಅಕ್ಕ ನೀರು ನೋಡುತ್ತ ನಡೆದೇ ಇದ್ದರು. ಮೂರನೇ ಸಲ ಕೂಗಿದಾಗ ತಿರುಗಿ, "ಓ, ಏನೋ?" ಎಂದರು. ಅಷ್ಟರಲ್ಲಿ ಬಸ್ಸು ಧೂಳೆಬ್ಬಿಸಿ ಹೋಗಿತ್ತು.

"ಕಿವಿ ಕೇಳಲಿಲ್ಲೇನಕ್ಕ?" ಎಂದೆ, ಸಿಟ್ಟಿನಿಂದಲೇ.

"ಮೊದಲ್ನೇದೇ ಕೇಳ್ತು. ಬಯಲಾಗೆ ಯಾರಾರ ಹಿಂದಿಂದ ಕೂಗಿದ್ರೆ ಮೂರನೇ ಕೂಗಿಗೇ ಓಗೊಡಬೇಕು ಮೇಷ್ಟ್ರೇ. ದೆವ್ವ ಎರಡು ಸಲ ಕೂಗ್ತೈತೆ, ಮೂರನೇ ಸಲ ಕೂಗಾಕೆ ಅದಕ್ಕೆ ಆಗಲ್ಲ."

"ಯಾಕೆ, ದೆವ್ವಕ್ಕೆ ಎರಡರ ಮುಂದೆ ಲೆಕ್ಕ ಬರಲ್ಲೇನು?"

"ನಿಮ್ಮ ಇಸ್ಕೂಲಿಗೆ ಬಂದಿದ್ರೆ ಬರ್ತಿತ್ತೇನೋ" ಎಂದು ಅಕ್ಕ ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಮುಂದಿನ ಬಸ್ಸಿಗಾಗಿ ಸಾಕಷ್ಟು ಹೊತ್ತು ಕಾದೆವು. ಬಸ್ಸು ತಪ್ಪಿಸಿದ್ದಕ್ಕೆ ಅವರ ಮುಖದಲ್ಲಿ ಒಂದು ಚೂರೂ ಪಶ್ಚಾತ್ತಾಪ ಇರಲಿಲ್ಲ.

ಇನ್ನು ಆಟದ ವಿಷಯ. ಮೇಷ್ಟ್ರ ಮಗಳು ಶಿವಮೊಗ್ಗಕ್ಕೆ ಓದಲು ಹೋಗುವಾಗ ತನ್ನ ಕಂಪ್ಯೂಟರ್ ಮನೆಯಲ್ಲೇ ಬಿಟ್ಟು ಹೋದಳು. ಅದರೊಳಗೆ ಆ ಆಟ ಇತ್ತು. ಯಾವುದೋ ದೇಶದ ಒಂದು ದೊಡ್ಡ ಪಾಳು ಬಂಗಲೆ. ತಂಗಿಯೊಬ್ಬಳು ಅದರೊಳಗೆ ಕಾಣೆಯಾಗಿದ್ದಾಳೆ. ಅವಳ ಅಕ್ಕ ಲಾಟೀನು ಹಿಡಿದು ಹುಡುಕಲು ಒಳಗೆ ಹೋಗುತ್ತಾಳೆ. ಆಡುವವರು ಈ ಹುಡುಗಿಯನ್ನು ಒಂದೊಂದೇ ಕೋಣೆ ದಾಟಿಸಿ, ತಂಗಿಯ ಸಮೇತ ಹೊರಗೆ ತರಬೇಕು. ಇಷ್ಟೇ ಕತೆ. ಆದರೆ ಆ ಕತ್ತಲೆ, ಆ ಬಾಗಿಲುಗಳ ಕಿರುಗುಟ್ಟುವಿಕೆ, ಅಬ್ಬಾ! ಮಟಮಟ ಮಧ್ಯಾಹ್ನ ಕೂತು ನೋಡಿದರೂ ಬೆನ್ನು ತಣ್ಣಗಾಗುತ್ತಿತ್ತು.

ಆಟ ಒಬ್ಬರೇ ಕೂತು ಆಡುವಂಥದ್ದು. ನಮ್ಮ ಡ್ರಿಲ್ ಮೇಷ್ಟ್ರ ಕೈಯಲ್ಲಿ ಅದು ಆಗುವ ಮಾತೇ ಅಲ್ಲ. ಆರಡಿ ಆಳು, ಶಿಳ್ಳೆ ಊದಿದರೆ ಹತ್ತನೇ ಕ್ಲಾಸಿನ ಪುಂಡರು ಕಂಬದಂತೆ ನಿಲ್ಲುತ್ತಿದ್ದರು. ಆದರೆ ದೆವ್ವ ಎಂದರೆ ಹೆದರುವ ಜಾತಿ, ಆಡುವ ಚಪಲವೂ ಬಿಡದು. ಹಾಗಾಗಿ ಭಾನುವಾರ ಊಟವಾದ ಮೇಲೆ "ಸ್ವಲ್ಪ ಬರ್ರಿ ಮೇಷ್ಟ್ರೇ, ಜೊತೆಗಿರ್ರಿ" ಎಂದು ನನ್ನನ್ನು ಕರೆಯುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇರುತ್ತಿತ್ತು, ನಾನು ಹೋಗುತ್ತಿದ್ದೆ. ಅವರ ಹೆಂಡತಿಗೆ ಇದೆಲ್ಲ ಆಗದು. "ಮನ್ಯಾಗೆ ದೆವ್ವ ಕುಣಿಸ್ತೀರಿ" ಎಂದು ಬೈದು ಎದುರು ಮನೆಗೆ ಹೋಗಿಬಿಡುತ್ತಿದ್ದರು. ಅಕ್ಕ ಮೊದಮೊದಲು ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಕೂತಿರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಹಿಂದಿನಿಂದ ದನಿ ಬಂತು.

"ಏ ತಮ್ಮ, ಬಾಗಿಲು ಹಂಗೇ ತೆಗೆದಿಟ್ಟು ಹೋಗ್ತಾಳಲ್ಲೋ! ಹಾಕ್ಕೊಂಡು ಹೋಗಾಕೆ ಹೇಳು."

ಅಂದಿನಿಂದ ಆಟ ಆಡಿದ್ದು ಅಕ್ಕ. ಒತ್ತುವ ಬೆರಳು ಮಾತ್ರ ತಮ್ಮನದು. ಅಕ್ಕ ಒಂದು ದಿನವೂ ಕೀಲಿಮಣೆ ಮುಟ್ಟಲಿಲ್ಲ, ಆದರೆ ಅವರ ಅಪ್ಪಣೆ ಇಲ್ಲದೆ ಆ ಹುಡುಗಿ ಒಂದು ಹೆಜ್ಜೆ ಇಡಲಿಲ್ಲ. ತಮ್ಮ ಹುಟ್ಟೂರು ಗೋವಿನಕೋವಿಯ ಮನೆಯಲ್ಲಿ ನಡೆಯುವ ಹಾಗೆ ಆ ವಿಲಾಯತಿ ಬಂಗಲೆಯಲ್ಲೂ ನಡೆಯಬೇಕು. ಒಳಗೆ ಹೋದ ಬಾಗಿಲು ಹಾಕಬೇಕು. ಬೇರೆಯವರ ಸಾಮಾನು ಮುಟ್ಟಬಾರದು. ಮೇಜಿನ ಮೇಲೆ ಬಂಗಾರದ ಸರ ಬಿದ್ದಿರುತ್ತದೆ, ತೆಗೆದುಕೊಂಡರೆ ಆಟದಲ್ಲಿ ಬಲ ಹೆಚ್ಚುತ್ತದೆ. ಅಕ್ಕ ಬಿಡಬೇಕಲ್ಲ!

"ಯಾರ ಮನೇದೋ ಏನೋ. ಕೈ ಹಚ್ಚಬ್ಯಾಡ."

"ಅಕ್ಕ, ಇದು ಆಟ."

"ಆಟದಾಗೆ ಕಳ್ಳತನ ಮಾಡಬೌದಾ? ಕೀಲಿ ಬೇಕಾದ್ರೆ ತಗಾ. ಬಾಗಿಲು ತೆಗೆದಾದ ಮೇಲೆ ವಾಪಸ್ ಇಟ್ಟು ಬಾ."

ಮೇಷ್ಟ್ರು ನಿಜವಾಗಿಯೂ ವಾಪಸ್ ಇಟ್ಟು ಬರುತ್ತಿದ್ದರು! ದೆವ್ವ ಹಿಂದೆ ಬೀಳುತ್ತಿದ್ದರೂ ಹುಡುಗಿ ಓಡಿ ಹೋಗಿ ಕೀಲಿಯನ್ನು ಅದು ನೇತಾಡುತ್ತಿದ್ದ ಮೊಳೆಯ ಹತ್ತಿರ ಬಿಟ್ಟು ಬರಬೇಕು. ಅಡುಗೆಮನೆಯಲ್ಲಿ ರೊಟ್ಟಿಯ ತುಂಡು ಸಿಕ್ಕರೆ ಮಾತ್ರ ಅಕ್ಕನ ಕಾನೂನು ಸಡಿಲವಾಗುತ್ತಿತ್ತು. "ತಿನ್ನಲಿ ಪಾಪ, ಬೆಳಿಗ್ಗಿಂದ ಏನು ತಿಂದಾಳೆ?" ಅಕ್ಕನಿಗೆ ಹೆದರಿಕೆ ಎಷ್ಟಾಗಿದೆ ಎಂದು ತಿಳಿಯಲು ನಾನು ತಿರುಗಿ ನೋಡಬೇಕಾಗಿರಲಿಲ್ಲ. ಶೇಂಗಾ ಸುಲಿಯುವ ಸದ್ದು ನಿಂತರೆ ಸಾಕು, ನಾನೂ ಬೋಂಡ ಕೆಳಗಿಡುತ್ತಿದ್ದೆ.

ಆ ಬಂಗಲೆಯಲ್ಲಿ ಮುಚ್ಚಿದ ಬಾಗಿಲುಗಳ ಹಿಂದಿನಿಂದ ಹುಡುಗಿಯ ಹೆಸರು ಹಿಡಿದು ಯಾರೋ ಕೂಗುತ್ತಾರೆ. ತಂಗಿಯದೇ ದನಿ. ಓಗೊಡುವುದಕ್ಕೆ ಒಂದು ಗುಂಡಿ ಇದೆ, ಒತ್ತಿದರೆ ಬಾಗಿಲು ತೆರೆಯುತ್ತದೆ. ಮೊದಲ ಸಲ ಕೂಗು ಬಂದಾಗ ಮೇಷ್ಟ್ರ ಬೆರಳು ಗುಂಡಿಯ ಮೇಲೆ ಹೋಗಿಯೇ ಬಿಟ್ಟಿತ್ತು. ಅಕ್ಕ ತಲೆಗೊಂದು ಮೊಟಕಿದರು. "ಮೂರನೇ ಕೂಗು ಬರಲಿ." ಎರಡನೇ ಕೂಗು ಬಂತು. ಆಮೇಲೆ ಇಲ್ಲ. "ನೋಡಿದ್ಯಾ? ನಡಿ ಮುಂದೆ." ಹೀಗೆ ಎಷ್ಟೋ ಬಾಗಿಲು ದಾಟಿ, ಕೊನೆಯ ಮಹಡಿಯ ಒಂದು ಬಾಗಿಲ ಹಿಂದಿನಿಂದ ಮೂರನೇ ಕೂಗು ಬಂತು ನೋಡಿ! ಬಾಗಿಲು ತೆಗೆದರೆ ಒಳಗೆ ನಿಜವಾದ ತಂಗಿ. ಅಕ್ಕತಂಗಿಯರಿಬ್ಬರೂ ಕೈಹಿಡಿದು ಬೆಳಕಿಗೆ ಬಂದರು. ಆಟ ಮುಗಿಯಿತು. ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಕತೆ ಇರುವುದೇ ಹೀಗೆ ಎಂದು ತಿಳಿದೆವು. ಬೇರೆ ಥರವೂ ಇದ್ದೀತೆಂದು ನಮಗೆ ಹೇಗೆ ಗೊತ್ತಾಗಬೇಕು?

ಆದರೆ ಅಕ್ಕನಿಗೆ ಒಂದು ಕೊರತೆ ಉಳಿಯಿತು. ಇಡೀ ಆಟದಲ್ಲಿ ನಾವು ಆ ಹುಡುಗಿಯ ಹಿಂದೆಯೇ ಇರುತ್ತೇವೆ. ಜಡೆ, ಬೆನ್ನು, ಲಾಟೀನು, ಇಷ್ಟೇ ಕಾಣುವುದು. ಕಟ್ಟಕಡೆಗೆ ಹೊರಗೆ ಬಂದ ಮೇಲೆ ಮಾತ್ರ ಒಂದು ಗಳಿಗೆ ಈ ಕಡೆ ತಿರುಗುತ್ತಾಳೆ. ಅಕ್ಕನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಪೊರೆ ತೆಗೆಸಿದರೂ ಸುಧಾರಿಸಲಿಲ್ಲ. ಒಳಗಿನ ನರವೇ ಸೋತಿದೆ, ಇರುವ ದೃಷ್ಟಿಯೂ ಮೆಲ್ಲಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಂಪ್ಯೂಟರಿನಲ್ಲಿ ಹೆಬ್ಬೆರಳಿನಷ್ಟು ಕಾಣುವ ಮುಖ ಅವರಿಗೆ ಎಲ್ಲಿ ಕಾಣಬೇಕು?

"ಹೆಂಗದಾಳೋ?" ಎಂದು ತಮ್ಮನನ್ನು ಕೇಳಿದರು.

"ಚೆನ್ನಾಗದಾಳೆ ಬಿಡಕ್ಕ."

"ಚೆನ್ನಾಗದಾಳೆ ಅಂದ್ರೆ? ಮೂಗು ಹೆಂಗೈತೆ? ಗುಂಡು ಮುಖನಾ, ಉದ್ದನಾ?"

"ಮೂಗು ಮೂಗಿನಂಗೈತೆ."

ಅಕ್ಕ ಹಣೆ ಚಚ್ಚಿಕೊಂಡು ನನ್ನ ಕಡೆ ತಿರುಗಿದರು. ನಾನು ಕನ್ನಡ ಮೇಷ್ಟ್ರು, ವರ್ಣನೆ ನನ್ನ ಕಸುಬು. ಸಂಪಿಗೆಯ ಮೂಗು, ಕಮಲದ ಕಣ್ಣು ಎಂದು ಶುರು ಮಾಡಿದೆ. "ಅದು ನಿಮ್ಮ ಪುಸ್ತಕದ್ದು. ಈ ಹುಡ್ಗೀದು ಹೇಳ್ರಿ" ಎಂದರು. ಆಮೇಲೆ ಆ ಆಟವನ್ನು ಎಷ್ಟು ಸಲ ಆಡಿದೆವೋ, ಅಷ್ಟು ಸಲವೂ ಕೊನೆಯಲ್ಲಿ ಅಕ್ಕ ಎದ್ದು ಬಂದು ಪರದೆಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಕಾಣದೆ ಹಿಂದೆ ಸರಿಯುತ್ತಿದ್ದರು. "ಇಷ್ಟು ದಿನ ನಮ್ಮ ಮಾತು ಕೇಳ್ಕೊಂಡು ನಡೆದಾಳೆ, ಒಂದು ಸಲ ಮುಖ ನೋಡಬೇಕು ಕಣೋ. ಕಣ್ಣು ಪೂರ್ತಿ ಹೋಗೋದ್ರಾಗೆ ನೋಡಬೇಕು" ಎಂದು ಒಂದು ಸಂಜೆ ಹೇಳಿದಾಗ ನನಗೂ ಸಂಕಟವಾಯಿತು. ತೀರ್ಥಯಾತ್ರೆ ಕೇಳಿದ್ದರೆ ಹೇಗಾದರೂ ಕರೆದೊಯ್ಯಬಹುದಿತ್ತು. ಇದಕ್ಕೆ ಎಲ್ಲಿಗೆ ಹೋಗುವುದು?

ಹಾಗಿರುವಾಗ ಮಗಳು ಶಿವಮೊಗ್ಗದಿಂದ ಫೋನು ಮಾಡಿದಳು. ಆ ಆಟ ಸಿನಿಮಾ ಆಗಿದೆಯಂತೆ, ದಾವಣಗೆರೆಗೆ ಬಂದಿದೆಯಂತೆ. ಮೇಷ್ಟ್ರು ಫೋನು ಹಿಡಿದೇ ಒಳಗೆ ಓಡಿ ಹೇಳಿದರು. ಅಕ್ಕ ಕಟ್ಟುತ್ತಿದ್ದ ಹೂವನ್ನು ಅಲ್ಲೇ ಬಿಟ್ಟರು.

"ಸಿನಿಮಾ ಅಂದ್ರೆ ಮುಖ ತೋರಿಸ್ತಾರಲ್ವೇನೋ? ಗೋಡೆಯಷ್ಟು ದೊಡ್ಡದಾಗಿ?"

"ತೋರಿಸದೆ ಏನಕ್ಕ!"

"ಹಂಗಾದ್ರೆ ನಾಳೇನೇ ಹೋಗಾಣ."

ಮರುದಿನ ರಜೆ. ಹೊನ್ನಾಳಿಗೆ ಹೋಗಿ ಅಲ್ಲಿಂದ ದಾವಣಗೆರೆ ಬಸ್ಸು ಹಿಡಿದೆವು. ಅಕ್ಕ ಪೆಟ್ಟಿಗೆಯಲ್ಲಿಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದರು. "ಮದುವೆಗೇನ್ರೀ ಅಮ್ಮ?" ಎಂದು ಪಕ್ಕದ ಸೀಟಿನ ಹೆಂಗಸು ಕೇಳಿದರೆ, "ಇಲ್ಲವ್ವ, ನಮ್ಮ ಹುಡ್ಗೀನ ನೋಡಾಕೆ ಹೊಂಟೀವಿ" ಎಂದರು. ಆಯಮ್ಮ ಹೆಣ್ಣು ನೋಡುವ ಶಾಸ್ತ್ರ ಎಂದುಕೊಂಡು ಒಳ್ಳೆಯದಾಗಲಿ ಎಂದು ಹಾರೈಸಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕೆ. ದಾವಣಗೆರೆಯಲ್ಲಿ ಇಳಿದಾಗ ಬೆಣ್ಣೆದೋಸೆಯ ವಾಸನೆ ಮೂಗಿಗೆ ಬಡಿಯಿತು. ಸಿನಿಮಾ ಮುಗಿದ ಮೇಲೆ ತಿನ್ನೋಣ ಎಂದು ಅಕ್ಕ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು.

ಥಿಯೇಟರಿನಲ್ಲಿ ಮ್ಯಾಟ್ನಿಗೆ ಜನ ಹೆಚ್ಚಿರಲಿಲ್ಲ. ಅಕ್ಕ ನೇರ ಮುಂದಿನ ಸಾಲಿಗೆ ಹೋಗಿ ಕೂತರು. ಟಾರ್ಚು ಹಿಡಿದವನು ಬಂದು, "ಅಜ್ಜಿ, ಹಿಂದೆ ಸೀಟು ಖಾಲಿ ಐತೆ. ಇಲ್ಲಿ ಕುಂತ್ರೆ ಕತ್ತು ನೋಯ್ತೈತೆ" ಎಂದ. "ಕತ್ತು ನಂದು, ನೋವೂ ನಂದು. ನೀನ್ಯಾಕೆ ಮರುಗ್ತೀಯಪ್ಪ" ಎಂದರು. ಅವನು ಹೊರಟುಹೋದ. ದೀಪ ಆರಿತು. ಹಿಂದಿಗೆ ಡಬ್ ಆದ ಪಿಕ್ಚರು. ಜಗಳೂರಿನಲ್ಲಿ ಅಕ್ಕನ ನೆರೆಮನೆಯವರೆಲ್ಲ ಉರ್ದು ಮಾತಾಡುವವರಾಗಿದ್ದರಿಂದ ಅವರಿಗೆ ತಕ್ಕಮಟ್ಟಿಗೆ ತಿಳಿಯುತ್ತಿತ್ತು.

ಮೊದಲ ದೃಶ್ಯದಲ್ಲೇ ಹುಡುಗಿ ಬಂದಳು. ಪರದೆ ತುಂಬ ಮುಖ. ಅಕ್ಕ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. "ಬಂದ್ಲು" ಎಂದರು, ಪಿಸುಮಾತಿನಲ್ಲಿ. ಆಮೇಲೆ ಸ್ವಲ್ಪ ಹೊತ್ತು ಅವರು ಸಿನಿಮಾ ನೋಡಲಿಲ್ಲ, ಮುಖವನ್ನೇ ನೋಡಿದರು. "ಗದ್ದದಾಗೆ ಗುಳಿ ಐತೆ ನೋಡ್ರಿ ಮೇಷ್ಟ್ರೇ. ಹುಬ್ಬು ಕೂಡೈತೆ. ಬಡವಾಗ್ಯಾಳೆ, ಎಣ್ಣೆ ಕಾಣದ ಕೂದಲು." ಅವರ ದನಿಯಲ್ಲಿ ಇದ್ದ ಖುಷಿಯನ್ನು ನಾನು ಎಂದೂ ಮರೆಯಲಾರೆ. ಆ ಗಳಿಗೆಯಲ್ಲಿ ನನಗೆ ಆ ಸಿನಿಮಾದವರ ಮೇಲೆ ಬಲು ಪ್ರೀತಿ ಬಂತು.

ಪ್ರೀತಿ ಬಹಳ ಹೊತ್ತು ಉಳಿಯಲಿಲ್ಲ. ಬಂಗಲೆಯೊಳಗೆ ಹುಡುಗಿಯ ಜೊತೆ ಒಬ್ಬ ಹುಡುಗ ಬಂದುಬಿಟ್ಟ.

"ಇವನ್ಯಾರೋ?" ಎಂದರು ಅಕ್ಕ.

"ಆಟದಾಗೆ ಇರಲಿಲ್ಲಕ್ಕ. ಸೇರಿಸ್ಯಾರೆ."

"ಜೊತೆಗೆ ಇಷ್ಟು ದೊಡ್ಡ ಗಂಡಾಳು ಇದ್ದ ಮೇಲೆ ಹೆದರಿಕೆ ಎಲ್ಲಿಂದ ಬರ್ತೈತೆ? ಅವನನ್ನ ಮೊದ್ಲು ಮನೆಗೆ ಕಳಿಸ್ರಿ!"

ಹಿಂದಿನ ಸಾಲಿನ ಕಾಲೇಜು ಹುಡುಗರು ಗೊಳ್ಳೆಂದು ನಕ್ಕರು. ಅಕ್ಕನ ತಕರಾರುಗಳು ಶುರುವಾದವು. ದೆವ್ವವನ್ನು ಬೆಳಕಿನಲ್ಲಿ ನಿಲ್ಲಿಸಿ ಇಡಿಯಾಗಿ ತೋರಿಸಿದ್ದಾರೆ, ತೋರಿಸಿದ ಮೇಲೆ ಅದೊಂದು ವೇಷ. ಹೆದರಬೇಕಾದ ಕಡೆ ಮೊದಲೇ ಡೋಲು ಬಾರಿಸಿ ಎಚ್ಚರಿಸುತ್ತಾರೆ. ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟು ಓಡುತ್ತಾರೆ. "ಬಾಗಿಲು ಹಾಕವ್ವ, ಬಾಗಿಲು!" ಎಂದು ಅಕ್ಕ ಕೂಗಿದರು. ಪಕ್ಕದಲ್ಲಿ ಮೇಷ್ಟ್ರ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಗುಂಡಿ ಒತ್ತುತ್ತಿದ್ದವು. ಹುಡುಗಿ ಕೇಳುತ್ತಿರಲಿಲ್ಲ. ಇಷ್ಟು ದಿನ ನಾವು ಹೇಳಿದಂತೆ ನಡೆದವಳು ಇಲ್ಲಿ ತನ್ನಷ್ಟಕ್ಕೆ ಹೋಗುತ್ತಿದ್ದಳು. ಸಿನಿಮಾದಲ್ಲಿ ನೋಡುವವರ ಮಾತಿಗೆ ಬೆಲೆ ಇಲ್ಲ ಎಂಬುದು ನನಗೆ ಅಲ್ಲಿಯವರೆಗೆ ಒಂದು ಕೊರತೆ ಎಂದು ಅನಿಸಿರಲೇ ಇಲ್ಲ.

ಕೊನೆಯ ಮಹಡಿ ಬಂತು. ಬಾಗಿಲ ಹಿಂದಿನಿಂದ ಹುಡುಗಿಯ ಹೆಸರು ಹಿಡಿದು ಕೂಗಿದರು. ಅಕ್ಕ ಕುರ್ಚಿಯ ತುದಿಗೆ ಬಂದು, "ತಡಿ, ತಡಿ" ಎಂದರು. ಮೊದಲ ಕೂಗಿಗೇ ಹುಡುಗಿ ಓಗೊಟ್ಟಳು. ಬಾಗಿಲು ತೆರೆಯಿತು. ಒಳಗಿನ ಕತ್ತಲೆ ಅವಳನ್ನು ಎಳೆದುಕೊಂಡಿತು. ಬಂಗಲೆಯ ಬಾಗಿಲು ಮುಚ್ಚಿತು, ಪರದೆಯ ಮೇಲೆ ಹೆಸರುಗಳು ಬರತೊಡಗಿದವು.

"ಅಯ್ಯೋ, ಓಗೊಟ್ಲಲ್ಲೋ" ಎಂದು ಅಕ್ಕ ಹಾಗೇ ಕೂತುಬಿಟ್ಟರು.

ಡ್ರಿಲ್ ಮೇಷ್ಟ್ರು ಮಾತ್ರ ಕೂರಲಿಲ್ಲ. ಜನ ಎದ್ದು ಹೋಗುತ್ತಿದ್ದರೆ ಇವರು ಸೀದಾ ಮ್ಯಾನೇಜರ್ ರೂಮಿಗೆ ನುಗ್ಗಿದರು. ಹಿಂದೆ ಜಗಳೂರು ಸೀಮೆಯ ಸಿನಿಮಾ ಟೆಂಟೊಂದರಲ್ಲಿ, ಹಳ್ಳಿಯವರಿಗೆ ಕೊನೇ ಬಸ್ಸು ತಪ್ಪಬಾರದೆಂದು ಒಂದೊಂದು ದಿನ ಕೊನೆಯ ರೀಲನ್ನೇ ಹಾರಿಸುತ್ತಿದ್ದರಂತೆ. ಇಲ್ಲೂ ಅದೇ ಆಗಿದೆ ಎಂದು ಅವರಿಗೆ ಖಾತ್ರಿ.

"ಏನ್ರೀ, ಕೊನೇ ರೀಲು ಎಲ್ಲಿಟ್ಟೀರಿ? ಹುಡುಗಿ ಹೊರಗೆ ಬರೋದು ಇನ್ನೂ ಐತೆ. ನಮಗೇನು ಬಸ್ಸಿನ ಅವಸರ ಇಲ್ಲ. ಹಾಕ್ರಿ!"

ಮ್ಯಾನೇಜರು ಎಳೆಯ ವಯಸ್ಸಿನವನು, ಮರ್ಯಾದಸ್ಥ. "ಸಾರ್, ಈಗ ರೀಲೇ ಇಲ್ರೀ. ಎಲ್ಲಾ ಕಂಪ್ಯೂಟರ್‌ನಾಗೆ ಬರ್ತೈತೆ. ಪಿಕ್ಚರು ಇರಾದೇ ಇಷ್ಟು."

"ಇಷ್ಟು ಹೆಂಗಾಗ್ತೈತೆ? ನಾವು ಕಣ್ಣಾರೆ ನೋಡೀವಿ, ಇಬ್ಬರೂ ಹೊರಗೆ ಬರ್ತಾರೆ! ಕನ್ನಡ ಮೇಷ್ಟ್ರನ್ನ ಕೇಳ್ರಿ, ಸಾಕ್ಷಿ ಅದಾರೆ."

ನಾನು ಸಾಕ್ಷಿ ಹೇಳಿದೆ. ಮ್ಯಾನೇಜರ್ ಪಾಪ, ಇಬ್ಬರು ಹೈಸ್ಕೂಲ್ ಮೇಷ್ಟ್ರುಗಳ ಮಧ್ಯೆ ಸಿಕ್ಕಿಕೊಂಡು ನೀರು ತರಿಸಿಕೊಟ್ಟ. ಕೊನೆಗೆ ಮೇಷ್ಟ್ರು ಮಗಳಿಗೆ ಫೋನು ಹಚ್ಚಿ, ನಮಗೂ ಬಾಗಿಲಾಚೆ ಮೆಟ್ಟಿಲ ಮೇಲೆ ಬಂದು ಕೂತಿದ್ದ ಅಕ್ಕನಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಅವಳು ನಕ್ಕೂ ನಕ್ಕೂ ಸಾಕಾಗಿ ಹೇಳಿದಳು. ಆ ಆಟಕ್ಕೆ ಎರಡು ಕೊನೆಗಳಂತೆ. ಎಲ್ಲರೂ ತಂಗಿಯ ದನಿ ಕೇಳಿದ ಕೂಡಲೇ ಗುಂಡಿ ಒತ್ತುತ್ತಾರೆ, ಹುಡುಗಿ ಒಳಗೇ ಉಳಿಯುತ್ತಾಳೆ. ಸಿನಿಮಾದವರು ತೆಗೆದಿರುವುದು ಅದನ್ನೇ. ಕಾದು, ಮೂರನೇ ಕೂಗಿಗೆ ಓಗೊಟ್ಟವರಿಗೆ ಮಾತ್ರ ಇನ್ನೊಂದು ಕೊನೆ ಸಿಗುತ್ತದೆ. ಅವಳ ಗೆಳತಿಯರಲ್ಲಿ ಯಾರಿಗೂ ಅದು ಸಿಕ್ಕಿಲ್ಲ. "ನಿಮಗೆ ಮೊದಲ್ನೇ ಸಲಾನೇ ಹೆಂಗೆ ಸಿಕ್ತಪ್ಪಾ?" ಎಂದಳು.

ಮೇಷ್ಟ್ರು ಅಕ್ಕನ ಕಡೆ ನೋಡಿದರು. ಸೂಳೆಕೆರೆ ಏರಿಯ ಮೇಲೆ ತಪ್ಪಿದ ಬಸ್ಸು ನನಗೆ ನೆನಪಾಯಿತು. ಅಕ್ಕ ಮಾತ್ರ ಬೀಗಲಿಲ್ಲ. ನಾನಾಗಿದ್ದರೆ ಊರು ತುಂಬ ಡಂಗುರ ಹೊಡೆಸುತ್ತಿದ್ದೆ. ಕೂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪಾಪ, ಸಿನಿಮಾದೋರಿಗೆ ಮನ್ಯಾಗೆ ಹೇಳಿಕೊಡೋರು ಯಾರೂ ಇರಲಿಲ್ಲೇನೋ. ಈಗ ಹುಡ್ಗಿ ಒಳಗೇ ಉಳಿದ್ಲಲ್ಲ. ಏಳ್ರಿ, ನಡಿರಿ. ಮನೆಗೆ ಹೋಗಿ ಹೊರಗೆ ಕರಕಂಬರಾಣ."

"ಅಕ್ಕ, ಬೆಣ್ಣೆದೋಸೆ..." ಎಂದೆ ನಾನು.

"ಅವಳು ಅಲ್ಲಿ ಒಬ್ಬಳೇ ಕತ್ತಲಾಗಿರಬೇಕಾದ್ರೆ ನಿಮಗೆ ದೋಸೆ ಇಳಿತೈತೇನ್ರೀ ಮೇಷ್ಟ್ರೇ?"

ಇಳಿಯುತ್ತಿತ್ತು, ನಿಜ ಹೇಳಬೇಕೆಂದರೆ. ಆದರೂ ಬಸ್ಸು ಹತ್ತಿದೆ.

ನ್ಯಾಮತಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ರೇಷ್ಮೆ ಸೀರೆಯಲ್ಲೇ ಬಂದು ಕೂತರು. ಆಟದ ಹೊತ್ತಿನಲ್ಲಿ ಎಂದೂ ಒಳಗೆ ಬಾರದ ಮೇಷ್ಟ್ರ ಹೆಂಡತಿಯೂ ವಿಷಯ ಕೇಳಿ, "ಆ ಹುಡ್ಗೀನ ತಂದು ಬಿಡ್ರಿ ಅತ್ಲಾಗೆ" ಎಂದು ಬಾಗಿಲಿಗೆ ಒರಗಿ ನಿಂತರು. ಕೊನೆಯ ಮಹಡಿಗೆ ಮುಂಚೆ ಉಳಿಸಿಟ್ಟಿದ್ದ ಜಾಗದಿಂದ ಮೇಷ್ಟ್ರು ಆಟ ಶುರು ಮಾಡಿದರು. ಪರದೆ ಈಗ ಅಕ್ಕನಿಗೆ ಬರಿಯ ಮಸುಕು. ಅವರು ಕಣ್ಣು ಮುಚ್ಚಿಯೇ ಕೂತರು. ಹಲಗೆ ಕಿರುಗುಟ್ಟಿದರೆ "ಎಡಕ್ಕೆ ತಿರುಗು" ಎನ್ನುವರು, ಗಾಳಿಯ ಸದ್ದು ಬಂದರೆ "ಕಿಟಕಿ ಹತ್ರ ಹೋಗಬ್ಯಾಡ" ಎನ್ನುವರು. ಸಿನಿಮಾದಲ್ಲಿ ಕೇಳದಿದ್ದ ಹುಡುಗಿ ಇಲ್ಲಿ ಹೇಳಿದ ಮಾತೆಲ್ಲ ಕೇಳಿದಳು. ನೆಮ್ಮದಿ ಎಂದರೆ ಏನೆಂದು ಆ ಸಂಜೆ ನನಗೆ ತಿಳಿಯಿತು.

ಕಡೆಯ ಬಾಗಿಲು. ಮೊದಲ ಕೂಗು. ಮೇಷ್ಟ್ರ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಎರಡನೆಯದು. ಅವರ ಹೆಂಡತಿ "ಶಿವನೇ" ಎಂದರು. ಮೂರನೇ ಕೂಗು ಬಂದದ್ದೇ ಅಕ್ಕ ಜೋರಾಗಿ "ಓ" ಎಂದರು, ಮೇಷ್ಟ್ರು ಗುಂಡಿ ಒತ್ತಿದರು.

ಇಬ್ಬರೂ ಹೊರಗೆ ಬಂದರು. ಹುಡುಗಿ ಈ ಕಡೆ ತಿರುಗಿದಳು. ಅಭ್ಯಾಸಬಲದಿಂದ ಮೇಷ್ಟ್ರು, "ಅಕ್ಕ, ತಿರುಗಿದ್ಲು" ಎಂದು ಶುರು ಮಾಡಿದರು.

"ನೀ ಸುಮ್ಕಿರು. ನನಗೆ ಕಾಣ್ತೈತೆ" ಎಂದರು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಗದ್ದದಾಗೆ ಗುಳಿ. ಕೂಡು ಹುಬ್ಬು. ಬಿಸಿಲಿಗೆ ಕಣ್ಣು ಸಣ್ಣದು ಮಾಡ್ಯಾಳೆ. ತಂಗಿ ಕೈ ಬಿಟ್ಟಿಲ್ಲ." ಸ್ವಲ್ಪ ತಡೆದು ಹೇಳಿದರು, "ಸಿನಿಮಾದೋರು ಮುಖ ಕೊಟ್ರು, ಅವರ ಹೊಟ್ಟೆ ತಣ್ಣಗಿರಲಿ. ಹೊರಗೆ ತರಾಕೆ ಅವರಿಗೆ ಬರಲಿಲ್ಲ. ಅದು ನಮ್ಮ ಕೆಲಸ, ನಾವು ಮಾಡಿದ್ವಿ."

ಅಕ್ಕನ ಕಣ್ಣು ಆಮೇಲೆ ಪೂರ್ತಿ ಹೋಯಿತು. ಮೇಷ್ಟ್ರು ರಿಟೈರಾಗಿ ಗೋವಿನಕೋವಿಗೆ ಹೋದ ಮೇಲೂ ಅಕ್ಕನ ಕಷಾಯದ ದಬ್ಬಾಳಿಕೆ ಹಾಗೇ ಇತ್ತು. ನಾನು ಹೋದಾಗಲೆಲ್ಲ ಲೋಟ ತುಂಬಿ ಕುಡಿಸುತ್ತಿದ್ದರು. ಒಮ್ಮೆ ಭಾನುವಾರ ಮಧ್ಯಾಹ್ನ ಮೂವರೂ ಕೂತಿದ್ದೆವು. ಹಳೆಯ ಕಂಪ್ಯೂಟರ್ ಮೂಲೆಯಲ್ಲಿತ್ತು. ಅಕ್ಕನಿಗೆ ಬೇಸರ ಕಳೆಯಲಿ ಎಂದು ಮೇಷ್ಟ್ರು, "ಆಡಾಣೇನಕ್ಕ?" ಎಂದು ಕೇಳಿದರು. ದಾವಣಗೆರೆಗೆ ಹೋಗಿ ಬಂದ ದಿನದಿಂದ ಅಕ್ಕ ಆಟ ಹಾಕು ಎಂದು ಒಂದು ಸಲವೂ ಕೇಳಿರಲಿಲ್ಲ.

ಅಕ್ಕ ಆ ಕಡೆ ಮುಖ ತಿರುಗಿಸಿ ನಕ್ಕರು.

"ಯಾಕೋ ತಮ್ಮ? ಮನೆ ಸೇರಿದ ಹುಡ್ಗೀನ ಮತ್ತೆ ಯಾಕೆ ಒಳಗೆ ಕಳಿಸ್ತೀಯ?"